ಅತೀಕಾ ಅಂಟಿಸಿದ ಬೆಂಕಿ

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆ ಬಿದ್ದರೂ ಚಿಂತೆಯಿಲ್ಲ, ಹೇಳಿಬಿಡುತ್ತೇನೆ: ಪೀರ್ ಬಾಷಾನಿಗೆ ನೆಟ್ಟಗೆ ಒಂದು ಗೆರೆ ಎಳೆಯಲೂ ಬರುತ್ತಿರಲಿಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ ಅವನ ಕಾರ್ ಪೇಂಟಿಂಗ್ ಶೆಡ್ಡಿಗೆ ಅಂಟಿಕೊಂಡೇ ನನ್ನ ಸೀಟ್ ಕವರ್ ಅಂಗಡಿ ಇತ್ತು, ಹಾಗಾಗಿ ಇದು ಕಣ್ಣಾರೆ ಕಂಡ ಮಾತು. ಬಣ್ಣ ಹೊಡೆಯುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ, ಅದು ಬೇರೆ. ಆದರೆ 2003ರ ಸುಮಾರಿಗೆ ಊರಿನವರಿಗೆ ಕಾರಿನ ಮೂತಿಯಿಂದ ಬಾಗಿಲವರೆಗೆ ಬೆಂಕಿಯ ನಾಲಗೆ ಬರೆಸುವ ಹುಚ್ಚು ಹಿಡಿದಾಗ, ಬಾಷಾ ಬರೆದ ಬೆಂಕಿ ಬಾಳೆಗೊನೆಯ ಹಾಗೆ ಕಾಣುತ್ತಿತ್ತು. ಅಂಥವನು ಕೆಲವೇ ತಿಂಗಳಲ್ಲಿ 'ಬೆಂಕಿ ಬಾಷಾ' ಎಂದು ಹೆಸರಾದ. ಆ ಹೆಸರು ನ್ಯಾಯವಾಗಿ ಸಲ್ಲಬೇಕಾದದ್ದು ಅವನ ಹೆಂಡತಿ ಅತೀಕಾಳಿಗೆ.

ಅತೀಕಾ ಮದರಂಗಿ ಹಾಕುವವಳು. ಮದುವೆಯ ಕಾಲದಲ್ಲಿ ಅವಳ ಮೊಹಲ್ಲಾದಿಂದ ಮಾತ್ರವಲ್ಲ, ವಿನೋಬನಗರದ ಮನೆಗಳಿಂದಲೂ ಅವಳಿಗೆ ಕರೆ ಬರುತ್ತಿತ್ತು. ನನ್ನ ತಂಗಿಯ ಮಗಳ ಕೈಗೂ ಅವಳೇ ಹಾಕಿದ್ದು. ಶೆಡ್ಡಿಗೆ ರಜೆಯಿದ್ದ ಶುಕ್ರವಾರ ಅವಳು ಅರ್ಧ ಎಳೆದ ಶಟರಿನಡಿ ತೂರಿ ಬಂದು ಕಾರಿನ ಮುಂದೆ ಕೂರುತ್ತಿದ್ದಳು. ತೆಳು ಟೇಪನ್ನು ಎರಡು ಬೆರಳಲ್ಲಿ ಬಾಗಿಸುತ್ತ ಬೆಂಕಿಯ ಅಂಚು ಹಿಡಿದು ಅಂಟಿಸುವಳು. ಆಮೇಲೆ ಅಂಚಿನ ಆಚೆಗಿನ ಮೈಯನ್ನೆಲ್ಲ ಹಳೆಯ ನ್ಯೂಸ್‌ಪೇಪರಿನಿಂದ ಮುಚ್ಚುವಳು. ಮಾರನೆಯ ದಿನ ಬಾಷಾ ಬಂದು ಬಯಲಾಗಿ ಉಳಿದ ಜಾಗಕ್ಕೆ ಹಳದಿ, ಕಿತ್ತಳೆ, ಕೆಂಪು ಹೊಡೆದರೆ ಮುಗಿಯಿತು.

ಮೊದಲ ಸಲ ಮಾತ್ರ ಎಡವಟ್ಟಾಗಿತ್ತು. ಮದರಂಗಿ ಇಟ್ಟಲ್ಲಿ ಬಣ್ಣ ಬರುತ್ತದೆ, ಟೇಪು ಅಂಟಿಸಿದಲ್ಲಿ ಬರುವುದಿಲ್ಲ. ರೂಢಿಯ ಕೈ ಕೇಳಬೇಕಲ್ಲ. ಒಂದು ಕರೀ ಗುಜರಿ ಬಾನೆಟ್ಟಿನ ಮೇಲೆ ಅವಳು ಬೆಂಕಿಯನ್ನೇ ಚೆನ್ನಾಗಿ ಮುಚ್ಚಿಟ್ಟಿದ್ದಳು. ಬಾಷಾ ಹಳದಿ ಹೊಡೆದು ಬಿಚ್ಚಿದರೆ ಬೆಂಕಿಯೆಲ್ಲ ಕರ್ರಗೆ.

"ಬೆಂಕಿ ಹಾಕು ಅಂದ್ರೆ ಹೊಗೆ ಹಾಕಿದೀಯಲ್ಲ ಮಾರಾಯ್ತಿ" ಎಂದು ನಾನು ನಕ್ಕೆ.

"ಇವತ್ತು ನಗಿ ಷಣ್ಮುಖಣ್ಣ. ಮುಂದಿನ್ ಸಲ ಬಾಯ್ ಬಿಟ್ಕೊಂಡ್ ನೋಡ್ತೀರ" ಎಂದಳು. ಹಾಗೆಯೇ ಆಯಿತು.

ಆದರೆ ನೋಡುವ ಭಾಗ್ಯ ನನಗಿತ್ತೇ ಹೊರತು ಅವಳಿಗಿರಲಿಲ್ಲ. ಗಿರಾಕಿ ಎದುರಿಗಿದ್ದಾಗಲೇ ಬಾಷಾ ಕಾಗದ ಕೀಳುತ್ತಿದ್ದ. ಗಿರಾಕಿ ಅವನ ಬೆನ್ನು ತಟ್ಟಿ ಕಾರು ಹತ್ತಿ ಹೋಗುತ್ತಿದ್ದ. ಅತೀಕಾ ಕಂಡದ್ದು ಬರೀ ಕಾಗದ ಹೊದ್ದ ಕಾರುಗಳನ್ನು.

"ಹೆಂಗಸ್ರ ಕೈಲಿ ಗಾಡಿ ಕೆಲ್ಸ ಮಾಡಿಸ್ತಾನೆ ಅಂತ ಗೊತ್ತಾದ್ರೆ ನಾಳೆಯಿಂದ ಯಾರ್ ಬರ್ತಾರೆ?" ಎನ್ನುತ್ತಿದ್ದ ಬಾಷಾ.

"ಬರ್ತಿರೋರು ಅವಳ ಕೈ ನೋಡ್ಕೊಂಡೇ ಬರ್ತಿರೋದು ಕಣೋ" ಎಂದದ್ದಕ್ಕೆ ನನ್ನ ಜೊತೆ ಟೀ ಕುಡಿಯುವುದನ್ನೇ ಬಿಟ್ಟ.

ಅತೀಕಾ ಒಮ್ಮೆ ನನ್ನ ಹತ್ತಿರ ಹೇಳಿಕೊಂಡಳು. "ಒಂದೇ ಒಂದ್ ಸಲ ಬಿಚ್ಚಿದ್ಮೇಲೆ ನೋಡ್ಬೇಕು ಅಣ್ಣ. ಮದರಂಗಿ ಹಾಕ್ಬಿಟ್ಟು, ಕೈ ತೊಳೆಯೋಕ್ ಮುಂಚೆನೇ ಮದುಮಗಳನ್ನ ಕಳ್ಸಿದ ಹಾಗಾಗುತ್ತೆ."

ಅದೇ ಹೊತ್ತಿಗೆ ಭದ್ರಾವತಿಯ ವಿಜಯಕುಮಾರ್ ಬಂದ. ಅವನದು ಡ್ರೈವಿಂಗ್ ಸ್ಕೂಲು. ಕರೀ ಮಾರುತಿಗೆ ಬೆಂಕಿ ಬೇಕಂತೆ.

"ಇಪ್ಪತ್ತರ ಸ್ಪೀಡ್ ದಾಟದ ಗಾಡಿಗೆ ಬೆಂಕಿ ಯಾಕೆ ಸ್ವಾಮಿ?" ಎಂದೆ.

"ಜನ ದೂರದಿಂದ್ಲೇ ನೋಡಿ ಪಕ್ಕಕ್ಕೆ ಸರೀಲಿ ಅಂತ!"

ಅತೀಕಾ ಅದಕ್ಕೆ ಅಂಟಿಸಿದಷ್ಟು ನಾಜೂಕಾದ ಬೆಂಕಿಯನ್ನು ಯಾವ ಕಾರಿಗೂ ಅಂಟಿಸಿರಲಿಲ್ಲ. ಶನಿವಾರ ಬಾಷಾ ಬಣ್ಣ ಹೊಡೆದ. ಬಣ್ಣ ಇನ್ನೂ ಬೆರಳಿಗೆ ಅಂಟುವಾಗಲೇ ಟೇಪು ಕೀಳಬೇಕು. ಆದರೆ ವಿಜಯಕುಮಾರ್ ಬರುವುದು ಸೋಮವಾರ, ಅವನ ಎದುರಿಗೇ ಬಿಚ್ಚಬೇಕೆಂಬ ಚಪಲ ಇವನಿಗೆ. ಸೋಮವಾರ ಬಿಚ್ಚಿದ, ಹೊಗಳಿಸಿಕೊಂಡ, ಕಾರು ಹೋಯಿತು.

ಡ್ರೈವಿಂಗ್ ಸ್ಕೂಲಿನ ಕಾರು ದಿನವೂ ಅದೇ ರಸ್ತೆಯಲ್ಲಿ ಸುತ್ತುತ್ತದೆಂದು ಅತೀಕಾಳಿಗೆ ಹೊಳೆದದ್ದೇ ತಡ, ಅಕ್ಕನನ್ನು ನೋಡಿ ಬರುತ್ತೇನೆಂದು ಹೇಳಿ ಭದ್ರಾವತಿಯ ಬಸ್ಸು ಹತ್ತಿದಳು. ಹಳೇನಗರದ ರಸ್ತೆ ಬದಿಯಲ್ಲಿ ಕಾದು ನಿಂತಳು. ಕೊನೆಗೆ ಕಾರು ತೆವಳಿಕೊಂಡು ಬಂದು, ಕಲಿಯುವವನ ಪುಣ್ಯದಿಂದ ಅವಳೆದುರಿಗೇ ಗಕ್ಕನೆ ಆಫ್ ಆಯಿತು. ಹತ್ತಿರ ಹೋಗಿ ಬೆಂಕಿಯ ಮೇಲೆ ಬೆರಳಾಡಿಸಿದಳು. ಅಂಚೆಲ್ಲ ಇಲಿ ಕಡಿದ ಹಾಗೆ ಚಕ್ಕೆ ಎದ್ದಿತ್ತು. ಅವಳ ಕಣ್ಣು ತುಂಬಿತಂತೆ. ಇದನ್ನು ಆಮೇಲೆ ನನಗೆ ಹೇಳಿದ್ದು ಅವಳೇ.

"ಯಾಕಮ್ಮ, ಡ್ರೈವಿಂಗ್ ಕಲೀಬೇಕಾ?" ಎಂದ ವಿಜಯಕುಮಾರ್.

"ಇಲ್ಲ ಸಾರ್. ಈ ಬೆಂಕಿ ಅಂಟಿಸಿದ್ದು ನಾನು, ಬಾಷಾ ಅವರ ಹೆಂಡ್ತಿ. ಅಂಚು ಹಾಳಾಗಿದೆ. ಶೆಡ್ಡಿಗೆ ತನ್ನಿ, ಸರಿ ಮಾಡ್ಕೊಡ್ತೀನಿ."

ಮುಂದಿನ ಸೋಮವಾರ ಅವನು ಕಾರು ತಂದು, "ಎಲ್ಲಿ ಬಾಷಾ ನಿಮ್ಮನೆಯೋರು? ಅವ್ರೇ ಬರೋಕ್ ಹೇಳಿದ್ರು" ಎಂದಾಗ ನಾನು ಹೊಲಿಗೆ ಮೆಷಿನ್ ನಿಲ್ಲಿಸಿ ಕಿವಿ ನಿಮಿರಿಸಿದೆ. ಬಾಷಾನ ಮುಖ ಕಪ್ಪಿಟ್ಟಿತು. ಅಂಚು ನೋಡಿದ, ಬೈಕ್ ಹತ್ತಿ ಹೋದ. ಮನೆಯಲ್ಲಿ ರಂಪವಾಗುತ್ತದೆಂದು ನಾನು ಹೆದರಿದೆ. ಆದರೆ ಅವನು ಅವಳನ್ನು ಹಿಂದೆ ಕೂರಿಸಿಕೊಂಡೇ ಬಂದ.

ಅತೀಕಾ ಮತ್ತೆ ಅಂಟಿಸಿದಳು. ಬಾಷಾ ಬಣ್ಣ ಹೊಡೆದು ಸ್ಪ್ರೇ ಗನ್ ಕೆಳಗಿಟ್ಟು, "ನಾಳೆ ಬಿಚ್ಚೋಣ, ಒಣಗ್ಲಿ" ಎಂದ.

"ಅದಕ್ಕೇ ಹಾಳಾಗಿದ್ದು. ನೀವು ಚಪ್ಪಾಳೆಗೆ ಕಾದ್ರಿ, ಬಣ್ಣ ಕಾಯ್ಲಿಲ್ಲ" ಎಂದಳು ಅವಳು, ಎಲ್ಲರೆದುರಿಗೆ.

ಬಾಷಾ ಕೈಯೊರೆಸಿಕೊಂಡು ಅವಳಿಗೆ ಜಾಗ ಬಿಟ್ಟ. ಆಮೇಲೆ, "ನೀನೇ ಬಿಚ್ಚು" ಎಂದ.

ಅವಳು ಟೇಪಿನ ತುದಿ ಹಿಡಿದು, ಹಿಂದಕ್ಕೆ ಮಡಚಿ ಮಡಚಿ ಎಳೆದಳು. ಒಂದೊಂದೇ ನಾಲಗೆ ಹೊರಗೆ ಬಂತು. ಅಂಚು ಎಲ್ಲಿಯೂ ಮುರಿದಿರಲಿಲ್ಲ. ವಿಜಯಕುಮಾರ್ ಅಭ್ಯಾಸದಂತೆ ಬಾಷಾನ ಬೆನ್ನು ತಟ್ಟಲು ಹೋದ.

"ನಂದಲ್ಲ ಸಾರ್," ಎಂದು ಬಾಷಾ ಪಕ್ಕಕ್ಕೆ ಸರಿದ. "ಬೆಂಕಿ ಅವಳ್ದು. ನಾನು ಬಣ್ಣ ಹೊಡೆಯೋನು ಅಷ್ಟೆ."

ಅತೀಕಾ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಇಡೀ ಕಾರು ಒಟ್ಟಿಗೆ ಕಾಣಲೆಂದು ಹಿಂದೆ ಹಿಂದೆ ಹೆಜ್ಜೆ ಇಡುತ್ತ ರಸ್ತೆಯ ಅಂಚಿಗೆ ಹೋಗಿ ನಿಂತಳು. ಅವಳಿಗೂ ಕಾರಿಗೂ ನಡುವೆ ಇದ್ದ ಬಣ್ಣದ ಡಬ್ಬಗಳನ್ನು ಬಾಷಾ ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟ.