ಏಕಾದಶಿಯ ದಿನ ಕೊರಿಯಾದ ನೂಡಲ್ಸ್

ಮಧ್ಯಾಹ್ನ ಕೆಲಸ ಮುಗಿಸಿ ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡುವುದು ನನಗೆ ಅಂಟಿಕೊಂಡ ಚಟ. ಅದರಲ್ಲಿ ಜನ ಅಳುತ್ತಲೇ ಊಟ ಮಾಡುತ್ತಾರೆ. ಬಟ್ಟಲ ತುಂಬ ಗಾಜಿನಂತೆ ಹೊಳೆಯುವ ನೂಡಲ್ಸ್. ನೋಡಿ ನೋಡಿ ಆಸೆ ತಡೆಯದೆ ಆನ್‌ಲೈನಿನಲ್ಲಿ ಒಂದು ಪ್ಯಾಕೆಟ್ ತರಿಸಿದೆ. ಗಂಡ ಅಂಗಡಿಗೆ ಹೋದ ಮೇಲೆ ಯಾರಿಗೂ ಹೇಳದೆ ಮಾಡಿಕೊಂಡು ತಿನ್ನುವ ವಿಚಾರ.

ಅಂದು ಏಕಾದಶಿ. ಸೊಲ್ಲಾಪುರದ ನಮ್ಮ ಮನೆಯಲ್ಲಿ ಉಪವಾಸ ಹಿಡಿಯುವವರು ಮಾವನವರೊಬ್ಬರೇ. ಬಿಪಿ ಗುಳಿಗೆ ನುಂಗುವ ನನಗೆ ಮಾಫಿ. ಬೆಳಿಗ್ಗೆ ಮಾಡಿಕೊಟ್ಟ ಸಾಬೂದಾಣಿ, ಅಂದರೆ ಸಬ್ಬಕ್ಕಿಯ ಖಿಚಡಿಯನ್ನು ಅವರು ಔಷಧಿಯಂತೆ ನುಂಗಿ ಟಿವಿ ಮುಂದೆ ಕೂತಿದ್ದರು. ನಾನು ಗಜ್ಜರಿ, ಕೋಸು ಉದ್ದುದ್ದ ಹೆಚ್ಚಿ, ಬೆಳ್ಳುಳ್ಳಿ ಸುಲಿದು, ಸೋಯಾ ಸಾಸ್ ತೆಗೆದಿಟ್ಟು, ನೂಡಲ್ಸ್ ಕುದಿಸಿ ಜರಡಿಗೆ ಸುರಿದೆ. ಕಾಲು ಗಂಟೆಯ ಅಡುಗೆ ಎಂದು ವಿಡಿಯೊದಲ್ಲಿದ್ದ ಹೆಂಗಸು ಹೇಳಿದ್ದು ಸುಳ್ಳಲ್ಲ. ಅವಳಿಗೆ ನಾದಿನಿ ಇರಲಿಲ್ಲವೆಂದು ಕಾಣುತ್ತದೆ.

ನನ್ನ ನಾದಿನಿ, ಗಂಡನ ಅಕ್ಕ, ಇರುವುದು ಮೈಂದರ್ಗಿಯಲ್ಲಿ. ಅಕ್ಕಲಕೋಟೆಗೆ ದರ್ಶನಕ್ಕೆ ಬಂದವರು ಸೊಲ್ಲಾಪುರದ ಬಸ್ಸು ನಿಂತದ್ದು ಕಂಡು ಹತ್ತಿಬಿಟ್ಟಿದ್ದರು. ಅವರಿಗೂ ಉಪವಾಸ. ಕಾಲು ತೊಳೆದವರೇ ಅಡುಗೆಮನೆಗೆ ಬಂದು ಜರಡಿಯಲ್ಲಿ ಇಣುಕಿದರು.

"ಏನವಾ ಇದು? ಪತಂಗ ಹಾರಸೂ ಮಾಂಜಾ ದಾರ ಕುದಸಾಕತ್ತೀಯೇನು?"

"ನೂಡಲ್ಸ್ ರೀ ಅಕ್ಕಾರ. ಕೊರಿಯಾದ್ದು."

"ಕೊರಿಯಾದ್ದು? ಅಪ್ಪಾ ಉಪಾಸ ಇದ್ದ ದಿನಾನ ಇದೆಂಥಾದ್ದ ತಂದೀಯವಾ?"

ನನಗೆ ಗಾಬರಿಯಾಯಿತು. "ತತ್ತಿ ಗಿತ್ತಿ ಏನೂ ಇಲ್ಲ ರೀ. ಬರೇ ರತಾಳಿ ಹಿಟ್ಟಿಂದ ಮಾಡಿದ್ದು," ಎಂದುಬಿಟ್ಟೆ. ರತಾಳಿ ಎಂದರೆ ಗೆಣಸು. ಆಡಿದ ಮೇಲೆ ಹೊಳೆಯಿತು, ಆಡಬಾರದಿತ್ತು.

"ರತಾಳಿ? ಅಂದ್ರ ಉಪಾಸಕ್ಕ ನಡೀತೈತಲ್ಲ!"

ಹೊರಗೆ ಟಿವಿ ಸದ್ದು ನಿಂತಿತು. ಚಹಾಕ್ಕೆ ಕರೆದರೂ ಬೇಗ ಏಳದ ಮಾವನವರು ಬಾಗಿಲಲ್ಲಿ ನಿಂತಿದ್ದರು. ಪ್ಯಾಕೆಟ್ ಇಸಿದುಕೊಂಡು ಕೊರಿಯನ್ ಅಕ್ಷರಗಳನ್ನೆಲ್ಲ ತಿರುಗಿಸಿ ನೋಡಿ, ಹಿಂದೆ ಅಂಟಿಸಿದ್ದ ಇಂಗ್ಲಿಷ್ ಚೀಟಿಯನ್ನು ಪಂಚಾಂಗದಂತೆ ಓದಿದರು.

"ರತಾಳಿ. ನೀರು. ಸಂಪಲಂ! ಮುಗೀತ. ನನಗೂ ಒಂದ ತಾಟ ಹಾಕು."

ನಾದಿನಿ ಸೆರಗು ಸಿಕ್ಕಿಸಿ ನನ್ನ ಬೆಳ್ಳುಳ್ಳಿ, ಗಜ್ಜರಿ, ಕೋಸು, ಸಾಸನ್ನೆಲ್ಲ ಕಿಟಕಿಯ ಕಟ್ಟೆಗೆ ದಾಟಿಸಿದರು. "ಸಾಬೂದಾಣಿ ಹೆಂಗ ಮಾಡ್ತಿ, ಹಂಗ ಮಾಡು." ತುಪ್ಪ, ಜೀರಿಗೆ, ಹಸಿಮೆಣಸಿನಕಾಯಿ ಬಿದ್ದವು. ಶೇಂಗಾ ಪುಡಿಯನ್ನು ಅವರೇ ಮುಷ್ಟಿ ತುಂಬಿ ಸುರಿದರು. ಗಾಜಿನಂತಿದ್ದ ನೂಡಲ್ಸ್ ಮಣ್ಣಲ್ಲಿ ಹೊರಳಾಡಿ ಬಂದಂತೆ ಕಾಣತೊಡಗಿತು.

ಮಾವನವರು ಒಂದು ಎಳೆ ಹಿಡಿದು ಎತ್ತಿದರು. ಕೈ ತಲೆಯ ಮೇಲೆ ಹೋದರೂ ತುದಿ ತಾಟಿನಲ್ಲೇ ಇತ್ತು. ಎದ್ದು ನಿಂತರು. ಜೀವಮಾನವೆಲ್ಲ ಚಾದರ ಮಾರಿದವರು, "ಇದು ಗಜದ ಲೆಕ್ಕದಾಗ ಮಾರೂ ಮಾಲ ಐತಿ," ಎಂದರು. ನಾದಿನಿಗೆ ನಗು ತಡೆಯದೆ ಕೆಮ್ಮು ಹತ್ತಿತು, ಬೆನ್ನು ತಟ್ಟಿದೆ. ಕೊನೆಗೆ ಕತ್ತರಿ ತೊಳೆದು ತಂದು ಇಬ್ಬರ ತಾಟಿನಲ್ಲೂ ತುಂಡು ಮಾಡಿಕೊಟ್ಟೆ. ಇಬ್ಬರೂ ಮತ್ತೆ ಮತ್ತೆ ಹಾಕಿಸಿಕೊಂಡರು. ಜರಡಿ ಖಾಲಿ. ನಾನು ಸಿಟ್ಟಿನಲ್ಲೇ ಕಿಟಕಿಯ ತರಕಾರಿಯನ್ನು ಸಾಸ್ ಹಾಕಿ ಹುರಿದು ಖಡಕ್ ರೊಟ್ಟಿಯ ಜೊತೆ ತಿಂದೆ. ಚೆನ್ನಾಗಿಯೇ ಇತ್ತು, ಅದರಿಂದ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಮುಂದಿನ ಏಕಾದಶಿ ಹತ್ತಿರ ಬಂದಾಗ ಮೈಂದರ್ಗಿಯಿಂದ ಫೋನು.

"ನಮ್ಮ ಭಜನಿ ಮಂಡಳಿಯವರೆಲ್ಲಾ ಕೇಳಾಕತ್ತಾರ. ಅದಕ್ಕ ಹೆಸರೇನವಾ?"

"ಜಾಪ್‌ಚೆ ಅಂತಾರ ರೀ."

ಅವರ ಕಿವಿಗೆ ಅದು ಮರಾಠಿಯಾಗಿ ಬಿತ್ತು. "ಜಪಾಚೆ? ಜಪದ್ದು! ನೋಡು, ಹೆಸರಿನಾಗ ಐತಿ. ಉಪಾಸದ್ದ ಅಂತ ನಾ ಮೊದಲ ಹೇಳಿದ್ನಿಲ್ಲ?"

ನಾನು ತಿದ್ದಲಿಲ್ಲ. ಎಷ್ಟು ಪ್ಯಾಕೆಟ್ ಬೇಕು ಎಂದಷ್ಟೇ ಕೇಳಿದೆ.