ಹಳದಿ ಕಾಗದದ ಒಳಬದಿ

ಊರಿನವರು ಅವನನ್ನು ಹಳದಿಯಪ್ಪನೆಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರನ್ನು ಅವನೇ ಅರೆಮರೆತಿದ್ದನು. ಆರೋಗ್ಯ ಇಲಾಖೆಯಲ್ಲಿ ಅವನಿಗಿದ್ದ ಕೆಲಸ ಒಂದೇ: ಅಂಟುರೋಗ ಹೊಕ್ಕ ಮನೆಯ ಕದಕ್ಕೆ ಹಳದಿ ಕಾಗದವನ್ನು ಅಂಟಿಸುವುದು. ಕಾಗದ ಅಂಟಿದ ಗಳಿಗೆಯಿಂದ ಇಲಾಖೆಯ ವೈದ್ಯರು ಬಿಡುಗಡೆ ಕೊಡುವ ತನಕ ಒಳಗಿದ್ದವರು ಹೊರಬರುವಂತಿಲ್ಲ, ಹೊರಗಿದ್ದವರು ಒಳಹೋಗುವಂತಿಲ್ಲ. ಮೀರಿದವರನ್ನು ಆಸ್ಪತ್ರೆಯ ಪ್ರತ್ಯೇಕ ವಾರ್ಡಿಗೆ ಸಾಗಿಸುವ ಅಧಿಕಾರವನ್ನೂ ಕಾಯಿದೆಯು ಇಲಾಖೆಗೆ ಕೊಟ್ಟಿತ್ತು. ಹಿಂದಿನ ಅರಸರು ಆನೆ ಕುದುರೆಗಳನ್ನು ಕೂಡಿಸಿ ಹಾಕುತ್ತಿದ್ದ ಮುತ್ತಿಗೆಯನ್ನು ಈ ಬಡಕಲು ಮನುಷ್ಯನು ಒಂದು ಕುಂಚದಿಂದಲೂ ಒಂದು ಡಬ್ಬಿ ಮೈದಾಹಿಟ್ಟಿನ ಅಂಟಿನಿಂದಲೂ ಹಾಕಿ ಮುಗಿಸುತ್ತಿದ್ದನು.

ಆದರೂ ಅವನು ಕದ್ದು ಅಂಟಿಸಿ ಹೋದವನಲ್ಲ. ಕದ ತಟ್ಟಿ, ಹಿಂದೆ ಸರಿದು ನಿಂತು, ಒಳಗಿನವರ ಬಾಯಿಂದ ‘ಆಗಲಿ’ ಎನ್ನಿಸಿಕೊಂಡ ಮೇಲೆಯೇ ಕುಂಚವನ್ನು ಅದ್ದುವನು.

“ಅಮ್ಮಾ, ಸರಕಾರ ಬಂದಿದೆ.”

“ಸರಕಾರಕ್ಕೆ ಬೇರೆ ಕಸುಬಿಲ್ವಾ? ನಮಗೆ ಹಾಲು ತಂದುಕೊಡೋರು ಯಾರು?”

“ನಾನೇ ತರ್ತೀನಿ ತಾಯಿ. ಹೊಸ್ತಿಲ ಹತ್ರ ಇಟ್ಟು ಓಡಿಹೋಗ್ತೀನಿ, ಕಳ್ಳನ ಹಾಗೆ.”

“ದಾರೀಲಿ ನೀರು ಬೆರೆಸೀಯ ಮತ್ತೆ!”

“ಹಾಲಿನವನು ನನಗೆಲ್ಲಿ ಆ ಕೆಲಸ ಉಳಿಸ್ತಾನೆ?”

ಒಳಗೆ ನಗೆಯೆದ್ದ ಮೇಲೆ ‘ಆಗಲಿ’ಯೂ ಬರುತ್ತಿತ್ತು. ಕೇಳದೆಯೇ ಜಾರಿ ಮಾಡಬಹುದಾದ ಆಜ್ಞೆಯನ್ನು ಕೇಳಿ ಜಾರಿ ಮಾಡುವ ಈ ವಿನಯವನ್ನು ಕಾಯಿದೆ ಬರೆದವರು ಬರೆದಿರಲಿಲ್ಲ. ಭಗವಂತನು ಅವನ ನಾಲಗೆಯಲ್ಲಿ ಬರೆದಿದ್ದನು.

ಅವನಿಗೆ ಒಬ್ಬಳೇ ಮಗಳು. ಊರ ಮಕ್ಕಳಿಗೆಲ್ಲ ದಡಾರ ಬಂದು ಹೋದರೂ ಅವಳಿಗೆ ಬರಲಿಲ್ಲ. ರೋಗವಿದ್ದ ಬೀದಿಯ ಗಾಳಿಯೂ ತಾಗದಂತೆ ಅಪ್ಪನು ಅವಳನ್ನು ಕಾದಿದ್ದನು. ಅವಳಿಗೆ ದೂರದ ಊರಿನಲ್ಲಿ ಮದುವೆಯಾಗಿ, ಬಹುಕಾಲದ ಹಂಬಲದ ತರುವಾಯ ಈಗ ಬಸುರು ನಿಂತಿತ್ತು. ಹೆರಿಗೆಯ ತನಕ ಅಮ್ಮನ ಬಳಿ ಇರುವೆನೆಂದು ಅವಳು ಹೊರಟೂ ಆಗಿತ್ತು. ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು.

ಆ ದಿನ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಕಿಟಕಿಯಾಚೆಯ ಬೀದಿಯು ಹಾಲಿನಲ್ಲಿ ತೇಲುವ ನೆನಪಿನಂತೆ ಕಾಣುತ್ತಿತ್ತು. ಹೆಂಡತಿ ಒಲೆಯ ಕಡೆಗೆ ಮುಖ ಮಾಡಿ ನಿಂತವಳು ತಿರುಗಲೇ ಇಲ್ಲ. ಅವನು ಬಳಿಗೆ ಹೋಗಿ ಅವಳ ಗಲ್ಲವನ್ನು ಬೆಳಕಿನತ್ತ ತಿರುಗಿಸಿದನು.

“ರೀ, ಅದು ಬೆವರುಸಾಲೆ ಕಣ್ರೀ.”

“ಈ ಚಳೀಲಿ ಬೆವರುಸಾಲೆಯಾ? ದಡಾರದ ಗುಳ್ಳೆ ಕಣೇ, ಕಿವಿ ಹಿಂದಿಂದ ಇಳಿದಿದೆಯಲ್ಲೇ. ಕಣ್ಣು ಬೇರೆ ಕೆಂಡ.”

“ಒಲೆ ಹೊಗೆ.”

“ಒಲೆ ಇನ್ನೂ ಹಚ್ಚೇ ಇಲ್ಲ!”

ಅವಳು ನಕ್ಕಳು, ನಗುತ್ತಿದ್ದಂತೆಯೇ ಅತ್ತಳು. “ನೋಡಿಲ್ಲ ಅಂದ್ಕೊಳ್ಳಿ. ಮೂಲೆ ಕೋಣೆಯಲ್ಲಿ ಬಿದ್ದಿರ್ತೀನಿ. ಅವಳು ಬಾಗಿಲಲ್ಲಿ ಒಂದು ಸಲ ಹಾದುಹೋದ್ರೆ ಸಾಕು ನನಗೆ.”

ಸಂದೇಹ ಬಂದೊಡನೆ ಮೊದಲು ಅಂಟಿಸು, ಆಮೇಲೆ ವೈದ್ಯರು ನೋಡಲಿ ಎಂಬುದು ಇಲಾಖೆಯ ನಿಯಮ. ಅಂಟಿಸುವವನೂ ಅವನೇ, ಸಂದೇಹ ಬಂದವನೂ ಅವನೇ. ಕಣ್ಣು ಮುಚ್ಚಿಕೊಂಡರೆ ಕೇಳುವವರಿರಲಿಲ್ಲ. ಕ್ಷಣಕಾಲ ಅವನು ನಿಜಕ್ಕೂ ಕಣ್ಣು ಮುಚ್ಚಿದನು. ಮುಚ್ಚಿದ ರೆಪ್ಪೆಯೊಳಗೆ ಮಗಳು ಮಂಜಿನಲ್ಲಿ ನಡೆದು ಬರುತ್ತಿದ್ದಳು. ಅವಳೊಳಗೆ, ಮೊಗ್ಗಿನೊಳಗಿನ ಪರಿಮಳದಂತೆ, ಇನ್ನೂ ಹೊರಬಾರದ ಒಂದು ಉಸಿರು. ತಾನು ಕಾದು ಬೆಳೆಸಿದ್ದರಿಂದಲೇ ಆ ಮೈಗೆ ಈ ರೋಗದ ಪರಿಚಯವಿಲ್ಲವೆಂಬುದು ಅವನಿಗೆ ಹೊಳೆಯಿತು.

“ಆಗಲಿ ಅನ್ನೇ,” ಎಂದನು.

“ಆಗಲಿ ಅಂತ ನನ್ನ ಬಾಯಿಂದ ಬರಲ್ಲ. ಬೇಡ ಅಂತಾನೂ ಬರಲ್ಲ. ನಿಮ್ಮ ಕುಂಚ, ನಿಮ್ಮ ಕದ.”

ಅವನು ಹೊರಗೆ ಬಂದು, ಕದದ ಒಂದು ರೆಕ್ಕೆಗೆ ಅಂಟು ಬಳಿದು, ಕಾಗದವನ್ನು ಒತ್ತಿದನು. ಬಳಿಕ ಡಬ್ಬಿಯನ್ನು ಎತ್ತಿಕೊಂಡು, ಎಂದಿನಂತೆ, ಕಚೇರಿಯ ದಾರಿ ಹಿಡಿದನು. ಕಾಲಿನ ಸದ್ದು ತನ್ನದೋ ಬೇರೆಯವರದೋ ತಿಳಿಯದಂಥ ಬೆಳಗು ಅದು. ಬೀದಿಯ ಕೊನೆಯಲ್ಲಿ ಅಂಗಡಿಯ ಕನ್ನಡಿ ಒರೆಸುತ್ತಿದ್ದ ಕ್ಷೌರಿಕನು ತಲೆಯೆತ್ತಿದನು.

“ಏನಪ್ಪಾ ಹಳದಿಯಪ್ಪ, ಬೆಳಬೆಳಗ್ಗೆ ಯಾರ ಮನೆ ಮುಚ್ಚಿದೆ?”

“ನಮ್ಮನೇನೇ.”

ಕ್ಷೌರಿಕನ ಕೈ ಕನ್ನಡಿಯ ಮೇಲೆಯೇ ನಿಂತಿತು. “ಹಾಗಾದ್ರೆ ನೀನ್ಯಾಕಪ್ಪಾ ಹೊರಗಿದೀಯ?”

ಜೀವಮಾನವೆಲ್ಲ ಕಾಗದದ ಹೊರಬದಿಯಲ್ಲಿಯೇ ನಿಂತವನು ಒಳಬದಿಯೊಂದು ತನಗೂ ಉಂಟೆಂಬುದನ್ನು ಮರೆತಿದ್ದನು. ಅವನು ಅಂಗವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಹಿಂದೆ ಹಿಂದೆ ಸರಿದನು.

“ಹತ್ರ ಬರಬೇಡ ಮಾರಾಯ! ಕಚೇರೀಲಿ ಹೇಳಿಬಿಡು. ಬಸ್ಸಿಳಿದ ಮಗಳನ್ನ ನಮ್ಮಕ್ಕನ ಮನೇಲಿ ಬಿಡು. ನಮ್ಮ ಕದ ಮುಟ್ಟೋಕೆ ಬಿಡಬೇಡ.”

“ನೀನು ಓಡು ಮೊದಲು. ನಿನ್ನ ಹಿಡಿಯೋಕೆ ನಿನ್ನನ್ನೇ ಕಳಿಸಬೇಕಾದೀತು!”

ಮಧ್ಯಾಹ್ನ ಮಂಜು ಹರಿದು, ಬಿಸಿಲು ಬೀದಿಯ ಮೇಲೆ ತೆಳುವಾಗಿ ಹಾಸಿಕೊಂಡಿತು. ಎದುರುಸಾಲಿನಲ್ಲಿದ್ದ ಅಕ್ಕನ ಮನೆಯ ಮೆಟ್ಟಿಲಿನಲ್ಲಿ ಮಗಳು ಬಂದು ನಿಂತಳು. ಸೋದರತ್ತೆಯು ಅವಳ ತೋಳನ್ನು ಬಿಡದೆ ಹಿಡಿದಿದ್ದಳು.

“ಅಪ್ಪಾ!” ಎಂದು ಮಗಳು ಕೂಗಿದಳು. “ನನಗೂ ಕಾಗದಾನಾ? ಊರಿಗೆಲ್ಲ ಹೇಳಿ ಕೇಳಿ ಅಂಟಿಸ್ತೀಯ, ನನ್ನ ಒಂದು ಮಾತು ಕೇಳಬೇಡ್ವಾ?”

ಮುಚ್ಚಿದ ಕದದ ಹಿಂದೆ ಅವನು ನಿಂತಿದ್ದನು.

“ಈಗ ಕೇಳ್ತಿದೀನಿ ಕಣಮ್ಮಾ,” ಎಂದನು. “ಆಗಲಿ ಅಂತೀಯಾ?”

ಮಗಳು ಉತ್ತರ ಕೊಡುವ ಮೊದಲು ಮಹಡಿಯ ಕಿಟಕಿಯ ಬಾಗಿಲು ತೆರೆಯಿತು. ಜ್ವರದಲ್ಲಿ ತೂರಾಡುತ್ತಿದ್ದ ಹೆಂಡತಿಯು ಸರಳನ್ನು ಹಿಡಿದು ನಿಂತಿದ್ದಳು. ಬೀದಿಯು ಅವಳಿಗೆ ನದಿಯಂತೆಯೂ ಆಚೆಯ ಮೆಟ್ಟಿಲು ದಡದಂತೆಯೂ ತೋರಿತು.

“ಅಲ್ಲೇ ನಿಲ್ಲೇ,” ಎಂದಳು. “ಇಳಿದು ಬಂದ್ರೆ ಕಾಲು ಮುರೀತೀನಿ. ಸ್ವಲ್ಪ ಪಕ್ಕಕ್ಕೆ ತಿರುಗು.”

“ಅಮ್ಮಾ, ಬೀದೀಲಿ ಜನ ನೋಡ್ತಾರೆ!”

“ನೋಡಲಿ. ನಾನೂ ಜನಾನೇ. ತಿರುಗು.”

ಮಗಳು ಅತ್ತೆಯ ಕೈ ಬಿಡಿಸಿಕೊಂಡು, ಮೇಲುಹೊದಿಕೆಯನ್ನು ಬೆನ್ನ ಹಿಂದಕ್ಕೆ ಬಿಗಿಯಾಗಿ ಎಳೆದು, ಬಿಸಿಲಿಗೆ ಪಕ್ಕವಾಗಿ ನಿಂತಳು. ಆ ಸಣ್ಣ ಉಬ್ಬು ಬೆಳಕಿನ ಅಂಚಿನಲ್ಲಿ ಮೂಡಿತು.

“ಇನ್ನೊಂದು ಕಡೆಗೆ,” ಎಂದಳು ತಾಯಿ.

ಮಗಳು ತಿರುಗಿದಳು, “ಆಗಲಿ ಅಪ್ಪಾ,” ಎಂದಳು, ತಿರುಗುತ್ತಲೇ.