ಕಟ್ಟೆಯ ಮೇಲಿನ ವಿಮಾನಕ್ಕೆ ಆಯುಧಪೂಜೆ

ದೆಹಲಿಯ ರೋಹಿಣಿ ಬಡಾವಣೆಯಲ್ಲಿದ್ದ ನಮ್ಮ ಮನೆಗೆ ದಾರಿ ಹೇಳುವುದು ಆಗ ಬಹಳ ಸುಲಭ. "ಜಹಾಜ್ ಚೌಕ್ ಅಂತ ಆಟೋದವನಿಗೆ ಹೇಳಿ. ಅಲ್ಲಿ ಇಳಿದು, ವಿಮಾನದ ಮೂತಿ ಯಾವ ಕಡೆ ಇದೆಯೋ ಆ ಕಡೆ ನಡೆದುಬನ್ನಿ" ಎಂದರೆ ಮುಗಿಯಿತು. ಊರಿನಿಂದ ಮೊದಲ ಸಲ ಬಂದವರೂ ದಾರಿ ತಪ್ಪುತ್ತಿರಲಿಲ್ಲ. ಈಗ ರಸ್ತೆ ಅಗಲವಾಗಿ, ಚೌಕಕ್ಕೆ ಸಿಗ್ನಲ್ ಬಂದು, ವಿಮಾನವನ್ನು ಎಲ್ಲಿಗೋ ಸಾಗಿಸಿಬಿಟ್ಟಿದ್ದಾರೆ. ಅಪ್ಪನೂ ಇಲ್ಲ. ಆ ಕಡೆ ಹೋದಾಗಲೆಲ್ಲ ನಾನು ಆ ಖಾಲಿ ಜಾಗ ನೋಡಿ ಸಿಡುಕುತ್ತೇನೆ. "ನಿನಗೆ ಸಿಟ್ಟು ಸಿಗ್ನಲ್ ಮೇಲೋ, ರಸ್ತೆಯ ಮೇಲೋ?" ಎಂದು ನನ್ನ ಗಂಡ ಕೇಳುತ್ತಾರೆ. ಎರಡರ ಮೇಲೂ ಅಲ್ಲ. ನನಗೆ ಆ ವರ್ಷಗಳು ವಾಪಸ್ ಬೇಕು, ಅಷ್ಟೆ.

ಅದು ಒಬ್ಬನೇ ಕೂರುವ ಪುಟ್ಟ ಯುದ್ಧವಿಮಾನ. ಹಾರಾಟ ಮುಗಿಸಿ, ಎಂಜಿನ್ ಕಳಚಿಸಿಕೊಂಡು, ತ್ರಿಕೋನಾಕಾರದ ಪಾರ್ಕಿನಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ಮೂರು ಚಕ್ರ ಊರಿ ನಿಂತಿತ್ತು. ಗೇಟಿಗೆ ಬಳಿಯುವ ಬೆಳ್ಳಿ ಬಣ್ಣವನ್ನೇ ಅದಕ್ಕೂ ಬಳಿದಿದ್ದರು. ಸುತ್ತ ಕಬ್ಬಿಣದ ಬೇಲಿ ಇತ್ತು, ಬೇಲಿಯಲ್ಲಿ ಮಕ್ಕಳು ನುಸುಳುವಷ್ಟು ಸಂದಿಯೂ ಇತ್ತು. ಬೇಲಿಯ ಒಂದು ಮೂಲೆಗೆ ಇಸ್ತ್ರಿ ಮಾಡುವ ಭಯ್ಯಾ ಹಗ್ಗ ಕಟ್ಟಿ ಇಡೀ ಸೆಕ್ಟರಿನ ಅಂಗಿಗಳನ್ನು ನೇತುಹಾಕುತ್ತಿದ್ದ. ರೆಕ್ಕೆಯ ನೆರಳಲ್ಲಿ ಮಧ್ಯಾಹ್ನ ನಾಯಿಗಳು ಮಲಗುತ್ತಿದ್ದವು, ಸಂಜೆ ಕಾಲೇಜಿನ ಜೋಡಿಗಳು ಕೂರುತ್ತಿದ್ದವು. ಗಾಳಿ ಒಳಗೆ ಹೋಗುವ ಬಾಯಿಯಲ್ಲಿ ಪಾರಿವಾಳಗಳ ಸಂಸಾರ. ಮೆಟ್ರೋ ನಮ್ಮ ಕಡೆಗೆ ಆಗಷ್ಟೇ ಬಂದಿತ್ತು. ಜನ ಮೆಟ್ರೋ ನೋಡಲು ಹೋಗುತ್ತಿದ್ದರೇ ಹೊರತು ವಿಮಾನವನ್ನು ತಲೆಯೆತ್ತಿ ನೋಡುವವರು ಯಾರೂ ಇರಲಿಲ್ಲ.

ಅಪ್ಪ ನೋಡಿದರು. ಅವರು ವಾಯುಪಡೆಯಲ್ಲಿ ವಿಮಾನದ ಮೈಕಟ್ಟು, ಚಕ್ರ, ಬ್ರೇಕುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಆಗಿದ್ದವರು. ರಿಟೈರ್ ಆದ ವರ್ಷವೇ ಅಮ್ಮ ತೀರಿಕೊಂಡಳು. ನಾನು ಹಟ ಮಾಡಿ ಅವರನ್ನು ದೆಹಲಿಗೆ ಕರೆತಂದೆ. ಬಂದ ವಾರದಲ್ಲೇ ಅಪ್ಪ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಪೆನ್ಸಿಲಿನಿಂದ ಸೌಟು, ಜಾಲರಿ, ಸಟ್ಟುಗ, ಲಟ್ಟಣಿಗೆಗಳ ಆಕಾರ ಬರೆದು, ಯಾವುದನ್ನು ಎಲ್ಲಿ ನೇತುಹಾಕಬೇಕೆಂದು ಗೊತ್ತುಮಾಡಿಬಿಟ್ಟರು. ಹ್ಯಾಂಗರಿನಲ್ಲಿ ಅವರ ಸಲಕರಣೆಗಳು ಇದ್ದದ್ದೇ ಹಾಗಂತೆ. ಸಂಜೆ ಒಂದು ಜಾಗ ಖಾಲಿ ಕಂಡರೂ ಆ ವಿಮಾನ ಹಾರುವಂತಿಲ್ಲ, ಎಲ್ಲರೂ ಮಂಡಿಯೂರಿ ಹುಡುಕಬೇಕು. ಮರೆತ ಸ್ಪ್ಯಾನರ್ ಮೇಲೆ ಹೋದಾಗ ಎಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೋ ಯಾರಿಗೆ ಗೊತ್ತು? "ನಮ್ಮ ಅಡುಗೆಮನೆ ಹಾರಲ್ಲ ಅಪ್ಪ" ಎಂದೆ. "ಆದ್ರೂ ಸೌಟು ಸಿಗುತ್ತಲ್ಲ" ಎಂದರು. ಸಿಗುತ್ತಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಆ ವರ್ಷ ಆಯುಧಪೂಜೆಗೆ ದೇವರ ಮುಂದೆ ಎಲ್ಲರೂ ಅವರವರದನ್ನು ಇಟ್ಟೆವು. ನನ್ನ ಗಂಡ ಸ್ಕೂಟರ್ ತೊಳೆದು ಬೀಗದ ಕೈ ತಂದಿಟ್ಟರು. ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ನಾನು ಕ್ಯಾಲ್ಕುಲೇಟರ್ ಇಟ್ಟೆ, ಪಕ್ಕದಲ್ಲಿ ಈಳಿಗೆಮಣೆ. ಮಗಳು ಗಣಿತದ ಪುಸ್ತಕವನ್ನು ಬಹಳ ಭಕ್ತಿಯಿಂದ ಇಟ್ಟಳು, ವಿಜಯದಶಮಿಯವರೆಗೆ ಮುಟ್ಟುವಂತಿಲ್ಲವಲ್ಲ. "ಅಪ್ಪ, ನಿಮ್ಮದೂ ಏನಾದ್ರೂ ತನ್ನಿ" ಎಂದೆ. ಅಪ್ಪ ಕೋಣೆಗೆ ಹೋದರು. ಪೆಟ್ಟಿಗೆ ತೆಗೆಯುವ ಸದ್ದು, ಮುಚ್ಚುವ ಸದ್ದು ಕೇಳಿಸಿತು. ಬಂದವರು, "ನಂದೆಲ್ಲ ಸರ್ಕಾರದ್ದಲ್ವೇನಮ್ಮ? ವಾಪಸ್ ಕೊಟ್ಟಾಯ್ತು" ಎಂದರು. ಮಂಗಳಾರತಿ ಆಗುವವರೆಗೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ನನ್ನ ಗಂಡ ವಾತಾವರಣ ಹಗುರ ಮಾಡಲು, "ಮಾವ, ನಿಮ್ಮ ಕನ್ನಡಕ ಇಡಿ, ಪೇಪರ್ ಓದೋದೇ ನಿಮ್ಮ ಕೆಲಸ ಈಗ" ಎಂದರು. ಅಪ್ಪ ನಗಲಿಲ್ಲ.

ಆಮೇಲೆ ಅವರು ಬೆಳಗಿನ ವಾಕಿಂಗನ್ನು ಚೌಕದ ಕಡೆಗೆ ತಿರುಗಿಸಿಕೊಂಡರು. ಬೇಲಿಗೆ ಒರಗಿ ವಿಮಾನವನ್ನು ನೋಡುತ್ತಾ ನಿಲ್ಲುತ್ತಾರೆಂದು ಇಸ್ತ್ರಿ ಭಯ್ಯಾ ಹೇಳಿದ. ಹೆಣ್ಣು ನೋಡಲು ಹೋದವರ ಹಾಗೆ ಸುತ್ತ ಮೂರು ಸುತ್ತು ಹಾಕುತ್ತಾರಂತೆ. ನಾನು ನಕ್ಕೆ. ಮುದುಕರಿಗೆ ಒಂದು ನೆಪ ಬೇಕು, ಇರಲಿ ಎಂದುಕೊಂಡೆ.

ಮರುವರ್ಷದ ನವಮಿಯ ಬೆಳಿಗ್ಗೆ ನಾನು ಕಡಲೆಪುರಿ ಬೆರೆಸುತ್ತಾ ಕೂತಿದ್ದೆ. ಉತ್ತರದವರಿಗೆ ಅಂದು ಪುಟ್ಟ ಹುಡುಗಿಯರನ್ನು ಮನೆಗೆ ಕರೆದು ಹಲ್ವಾ-ಪೂರಿ ಕೊಡುವ ದಿನ. ನನ್ನ ಮಗಳೂ ಗೆಳತಿಯರ ಜೊತೆ ಮನೆಮನೆ ಸುತ್ತಲು ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಹಲ್ವಾದ ದೊನ್ನೆ ಹಿಡಿದುಕೊಂಡೇ ಓಡಿಬಂದಳು. "ಅಮ್ಮಾ, ತಾತನ್ನ ಪುಲೀಸ್ ಪಕಡ್ಕೊಂಡಿದಾರೆ! ಜಹಾಜ್ ಹತ್ರ! ಖೂನ್ ಹೀ ಖೂನ್, ಬರೀ ರಕ್ತ!"

ಪುರಿಯ ಪುಡಿ ಮೆತ್ತಿದ ಕೈಯಲ್ಲೇ ಓಡಿದೆ. ಚೌಕದಲ್ಲಿ ಜಾತ್ರೆಯಷ್ಟು ಜನ. ವಿಮಾನದ ಮೂರೂ ಚಕ್ರಗಳಿಗೆ ವಿಭೂತಿಯ ಪಟ್ಟೆ, ಕುಂಕುಮ, ಚೆಂಡು ಹೂವು. ಟೈರುಗಳ ಕೆಳಗೆ ಒಂದೊಂದು ನಿಂಬೆಹಣ್ಣು. ಮುಂದಿನ ರಸ್ತೆಯಲ್ಲಿ ಬೂದುಗುಂಬಳಕಾಯಿ ಒಡೆದು, ಒಳಗೆ ತುಂಬಿದ್ದ ಕುಂಕುಮವೆಲ್ಲ ನೀರಿನೊಂದಿಗೆ ಹರಿದು, ನೋಡಿದವರಿಗೆ ಕೊಲೆಯಾದ ಜಾಗ ಎನ್ನಿಸುವ ಹಾಗಿತ್ತು. ನಮ್ಮ ಕಡೆ ಆ ದಿನ ಬಸ್ ಸ್ಟ್ಯಾಂಡಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಬೀದಿಯೆಲ್ಲ ಹೀಗೇ ಇರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ದೆಹಲಿಯಲ್ಲಿ ಆ ಕಾಯಿಯಿಂದ ಪೇಠಾ ಎಂಬ ಸಿಹಿ ಮಾಡಿ ತಿನ್ನುತ್ತಾರೆ. ನಾಲ್ಕು ದಾರಿ ಕೂಡುವಲ್ಲಿ ಅದನ್ನು ಕೆಂಪು ಮಾಡಿ ಒಡೆದವರು ಮಾಟಗಾರರಲ್ಲದೆ ಇನ್ಯಾರು?

"ನವರಾತ್ರಿ ಮೇಂ ಟೋಟ್ಕಾ! ಹಮಾರೇ ಚೌಕ್ ಪೇ!" ಎಂದು ಕೂಗುತ್ತಿದ್ದವರು ಕಾಲೊನಿ ಕಮಿಟಿಯ ಆಂಟಿ. ಮಾಟವನ್ನು ಅಲ್ಲಿ ಟೋಟ್ಕಾ ಎನ್ನುತ್ತಾರೆ. ಪಾರ್ಕು, ನೀರು, ಬೀದಿದೀಪ ಎಲ್ಲವೂ ಅವರ ಸುಪರ್ದಿನಲ್ಲಿದ್ದವು. ಅಪ್ಪ ತಮ್ಮ ಬ್ಯಾರಕ್ಕಿನ ಹಿಂದಿಯಲ್ಲಿ, "ಮಶೀನ್ ಕಾ ಪೂಜಾ ಹೈ ಜೀ, ಹರ್ ಸಾಲ್ ಕರ್ತಾ ಹೈ" ಎಂದು ಒಂದೇ ಮಾತನ್ನು ಶಾಂತವಾಗಿ ಹೇಳುತ್ತಿದ್ದರು. "ತೋ ಖೂನ್ ಕಿಸ್‌ಕಾ ಹೈ?" ಎಂದರು ಆಂಟಿ, ರಕ್ತ ಯಾರದು ಹೇಳಿ ಎಂದು. ಕಾನ್‌ಸ್ಟೇಬಲ್ ಬಗ್ಗಿ, ಬೆರಳದ್ದಿ, ಮೂಸಿ ನೋಡಿ, "ಕುಂಕುಮ್ ಹೈ, ಮ್ಯಾಡಮ್" ಎಂದ.

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಹತ್ತಿರ ಸಿಕ್ಕವರು ಆಂಟಿ. "ನಿಮ್ಮ ಮಗನ ಹೊಸ ಕಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದೀರಲ್ಲ, ಅದೇನು, ಸಲಾಡ್ ಮಾಡೋಕಾ?" ಎಂದು ಹಿಂದಿಯಲ್ಲೇ ಕೇಳಿದೆ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಕಾನ್‌ಸ್ಟೇಬಲ್ಲಿಗೆ ಮನೆಗೆ ಹೋಗುವ ಅವಸರ. "ಬಾಬಾ, ಸರ್ಕಾರಿ ಚೀಜ್ ಹೈ. ಪೂಜಾ ಘರ್ ಮೇಂ ಕರೋ, ಅಚ್ಛಾ? ಚಲೋ, ಸಾಫ್ ಕರ್ ದೋ" ಎಂದ. ಪೂಜೆ ಮನೆಯಲ್ಲಿ ಮಾಡಿಕೊಳ್ಳಿ, ಇದನ್ನು ಚೊಕ್ಕ ಮಾಡಿ ಎಂದು ಅವನ ತೀರ್ಪು. ಅಪ್ಪ ಕುಕ್ಕರಗಾಲಿನಲ್ಲಿ ಕೂತು ಕುಂಬಳಕಾಯಿಯ ಹೋಳುಗಳನ್ನು ಆರಿಸತೊಡಗಿದರು. ಆ ನೋಟ ನನಗೆ ತಡೆಯಲಾಗಲಿಲ್ಲ. ನಾನೂ ಕೂತು ಆರಿಸಿದೆ.

ಮನೆಗೆ ಬರುವ ದಾರಿಯಲ್ಲಿ ಬೈದೆ. "ಯಾಕಪ್ಪ ಈ ಉಸಾಬರಿ? ಅದು ತಗಡಿನ ಡಬ್ಬ. ಎಂಜಿನ್ನೇ ಇಲ್ಲ ಅದಕ್ಕೆ. ಅದು ಹಾರಲ್ಲ."

"ಹಾರಲ್ಲ ಅಂತ ನಂಗೆ ಗೊತ್ತಿಲ್ವೇನಮ್ಮ?" ಎಂದರು ಅಪ್ಪ. "ಇವತ್ತು ಪೂಜೆ ಯಾಕೆ ಮಾಡ್ತೀವಿ ಹೇಳು? ನಾಳೆ ಬೆಳಿಗ್ಗೆ ಅದನ್ನ ಕೈಗೆತ್ತಿಕೊಂಡು ಕೆಲಸ ಶುರು ಮಾಡ್ಬೇಕು ಅಂತ. ನೀನು ಕ್ಯಾಲ್ಕುಲೇಟರ್ ಎತ್ಕೋತೀಯ, ಅಳಿಯಂದ್ರು ಸ್ಕೂಟರ್ ಎತ್ಕೋತಾರೆ. ಆ ಮಗು ಅಳ್ತಾ ಅಳ್ತಾ ಗಣಿತ ಎತ್ಕೊಳ್ಳುತ್ತೆ. ನಂಗೆ ನಾಳೆ ಎತ್ಕೊಳ್ಳೋಕೆ ಏನೂ ಇಲ್ಲ. ಪೂಜೆಯಾದ್ರೂ ಇರ್ಲಿ ಅನ್ನಿಸ್ತು."

ಮಾತಿಗೆ ಮಾತು ಕೊಡುವುದರಲ್ಲಿ ಇಡೀ ಸೆಕ್ಷನ್ನಿನಲ್ಲಿ ಹೆಸರು ಮಾಡಿದವಳು ನಾನು. ಅಂದು ಅವರ ಕೈಯಲ್ಲಿದ್ದ ಹೋಳುಗಳ ಚೀಲ ಇಸಿದುಕೊಂಡು ಜೊತೆಗೆ ನಡೆದೆ.

ಮರುದಿನ ವಿಜಯದಶಮಿ. ಬೆಳಿಗ್ಗೆ ಎದ್ದವಳೇ ಮಿಕ್ಸಿಯ ತಳದ ಸ್ಕ್ರೂ ಸಡಿಲ ಮಾಡಿ, "ಅಪ್ಪ, ಇದು ಯಾಕೋ ಗಡಗಡ ಅಂತಿದೆ, ನೋಡ್ತೀರಾ?" ಎಂದು ಮುಂದಿಟ್ಟೆ. ಅಪ್ಪ ಅದನ್ನು ತಿರುಗಿಸಿ ನೋಡಿದರು, ನನ್ನ ಮುಖ ನೋಡಿದರು, ಕಾಫಿ ಆರುವ ಮೊದಲೇ ಬಿಗಿದು ಕೊಟ್ಟರು. "ಸ್ಕ್ರೂಡ್ರೈವರ್ ಜಾಗದಲ್ಲಿಡು" ಎಂದರು. ಅಳುವ ಮಗುವಿಗೆ ಗಿಲಕಿ ಕೊಟ್ಟ ಹಾಗೆ ಮಾಡಿದೆನಲ್ಲ ಎಂದು ನಾಚಿಕೆಯಾಯಿತು.

ಆ ಚಳಿಗಾಲವೆಲ್ಲ ಅಪ್ಪ ಬಾಲ್ಕನಿಯ ಬಿಸಿಲಿನಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತರು. ಚೌಕದ ಕಡೆ ವಾಕಿಂಗ್ ನಿಂತಿತು. ಮೇಲಿನ ಮನೆಯವರ ಹೀಟರ್ ರಿಪೇರಿಗೆ ಕರೆದಾಗ ಹೋಗಿಬಂದು, "ಅದೂ ಒಂದು ಮಶೀನಾ?" ಎಂದು ಮೂಗು ಮುರಿದರು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು, ನಿದ್ದೆ ಮಾತ್ರ ಹೊತ್ತಲ್ಲದ ಹೊತ್ತಿನಲ್ಲಿ ಹೆಚ್ಚಾಯಿತು. ನನಗೆ ಒಳಗೊಳಗೇ ಭಯ ಹತ್ತಿತು. ಆರೋಗ್ಯವಾಗಿದ್ದ ಮನುಷ್ಯ ಕೂತಲ್ಲೇ ಕರಗಿಹೋಗುವುದನ್ನು ನೋಡುತ್ತಿದ್ದೇನೆ ಎಂಬ ಭಯ.

ಬೇಸಿಗೆಯಲ್ಲಿ ಒಂದು ಸಂಜೆ ಜೋರಾಗಿ ಆಂಧಿ ಎದ್ದಿತು. ದೆಹಲಿಯ ಆ ಧೂಳುಗಾಳಿಗೆ ಹಿಂದುಮುಂದಿಲ್ಲ, ಹಗಲೇ ಕತ್ತಲಾಗಿ ಬಟ್ಟೆ, ಬೋರ್ಡು, ಕೊಂಬೆ ಎಲ್ಲ ಹಾರಿಹೋದವು. ಮರುದಿನ ಕಮಿಟಿ ಆಂಟಿ ನಮ್ಮ ಬಾಗಿಲಲ್ಲಿ. ಆ ನವಮಿಯಿಂದ ನಮಗೂ ಅವರಿಗೂ ಮಾತು ಬಿಟ್ಟುಹೋಗಿತ್ತು. ಕೈಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿ ಇದ್ದುದರಿಂದ ಏನೋ ಕೆಲಸವಿದೆ ಎಂದು ತಿಳಿಯಿತು. ಗಾಳಿಗೆ ವಿಮಾನದ ಚಕ್ರ ಮುಚ್ಚುವ ತಗಡಿನ ಬಾಗಿಲು ಕಿತ್ತು, ಒಂದೇ ಕೀಲಿನಲ್ಲಿ ಜೋತಾಡುತ್ತಿದೆಯಂತೆ. ಮಕ್ಕಳು ಅದರ ಕೆಳಗೇ ಆಡುತ್ತವೆ. ಪಾರ್ಕಿನವರಿಗೆ ಹೇಳಿದರೆ, ಅಪಾಯವಾದರೆ ಇಡೀ ವಿಮಾನವನ್ನೇ ಕತ್ತರಿಸಿ ಗುಜರಿಗೆ ಹಾಕುತ್ತೇವೆ ಎನ್ನುತ್ತಾರಂತೆ. "ಕೈಸಾ ಭೀ ಹೋ, ಹಮಾರಾ ಜಹಾಜ್ ಹೈ" ಎಂದರು. ಹೇಗೇ ಇದ್ದರೂ ಅದು ನಮ್ಮ ವಿಮಾನವಂತೆ. ನಾಲ್ಕು ವರ್ಷದ ಮೊಮ್ಮಗ ಅದಕ್ಕೆ ಟಾಟಾ ಮಾಡದೆ ಸ್ಕೂಲಿಗೆ ಹೋಗುವುದಿಲ್ಲವಂತೆ. "ಅಂಕಲ್‌ಜೀ, ಆಪ್ ದೇಖ್ ಲೋಗೇ?" ಸ್ವಲ್ಪ ನೋಡಿಕೊಡುತ್ತೀರಾ ಎಂದು ಅಪ್ಪನ ಕಡೆ ತಿರುಗಿದರು.

ಅಪ್ಪ ತಕ್ಷಣ ಹೂಂ ಎನ್ನಲಿಲ್ಲ. ಬಾಗಿಲ ಮೂಲೆಯಲ್ಲಿ ನಿಂತು ಗಾಳಿ ಯಾವ ಕಡೆಯಿಂದ ಬೀಸಿತು, ಕೀಲು ಮುಂದಿನದೋ ಹಿಂದಿನದೋ ಎಂದೆಲ್ಲ ಕೇಳಿದರು. ಆಂಟಿಗೆ ಏನು ಗೊತ್ತು? ಅಪ್ಪ ಚಪ್ಪಲಿ ಮೆಟ್ಟಿದರು.

ಮಾರ್ಕೆಟ್ಟಿನ ಸ್ಕೂಟರ್ ಮೆಕ್ಯಾನಿಕ್ಕಿನಿಂದ ಸ್ಪ್ಯಾನರುಗಳನ್ನು, ಬಣ್ಣ ಬಳಿಯುವವರಿಂದ ಏಣಿಯನ್ನು ಎರವಲು ತಂದದ್ದಾಯಿತು. ಅಂದು ಶನಿವಾರ, ರಜೆ. ಏಣಿ ಹಿಡಿಯುವ ಕೆಲಸ ನನ್ನ ಗಂಡನ ಪಾಲಿಗೆ ಬಂತು. "ಬಾಗಿಲು ನೋಡ್ಬೇಡಿ, ಏಣಿ ನೋಡಿ" ಎಂದು ಅಪ್ಪ ಗದರಿದರು. ಅಳಿಯನನ್ನು ಅವರು ಗದರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೆಲಸ ಶುರುವಾಗುವ ಮುಂಚೆ ಆಂಟಿ ಸಂಕೋಚದಿಂದ ಹತ್ತಿರ ಬಂದು, "ಪೆಹಲೇ ವೋ... ಪೇಠೇ ವಾಲೀ ಪೂಜಾ ನಹೀಂ ಕರೋಗೇ?" ಎಂದು ಕೇಳಿದರು. ಅಪ್ಪ ನಕ್ಕುಬಿಟ್ಟರು. "ಕಾಮ್ ಕಾ ದಿನ್ ಹೈ ಜೀ, ಪೂಜಾ ನಹೀಂ." ಅಂದು ಕೆಲಸದ ದಿನ, ಪೂಜೆಯದಲ್ಲ.

ಬಾಗಿಲು ಬಿಚ್ಚಿ ಕೆಳಗಿಳಿಸಿ, ಸೊಟ್ಟಗಾಗಿದ್ದನ್ನು ಬಡಿದು ನೆಟ್ಟಗೆ ಮಾಡಿ, ತುಕ್ಕು ಉಜ್ಜಿ, ಹೊಸ ಬೋಲ್ಟು ಹಾಕಿ ಬಿಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಎಲ್ಲರ ಮನೆಯಿಂದ ಶಿಕಂಜಿ, ಅಂದರೆ ಅಲ್ಲಿನ ನಿಂಬೆ ಪಾನಕ, ಬಂತು. ಕೊನೆಗೆ ಅಪ್ಪ ಎರವಲು ಸ್ಪ್ಯಾನರುಗಳನ್ನು ಚಾಪೆಯ ಮೇಲೆ ಸಾಲಾಗಿ ಜೋಡಿಸಿ ನೋಡಿದರು. ಒಂದು ಕಡಿಮೆ. ಯಾರನ್ನೂ ಮನೆಗೆ ಹೋಗಗೊಡಲಿಲ್ಲ. ಇಸ್ತ್ರಿ ಭಯ್ಯಾ ಅಂಗಿಗಳನ್ನು ಕೊಡವಿದ, ಆಂಟಿ ಸೀರೆಯ ನೆರಿಗೆ ಎತ್ತಿಕೊಂಡು ಹುಲ್ಲಿನಲ್ಲಿ ಹುಡುಕಿದರು. ಅದು ಸಿಕ್ಕಿದ್ದು ನನ್ನ ಗಂಡನ ಪ್ಯಾಂಟಿನ ಜೇಬಿನಲ್ಲಿ. ಆಮೇಲೆ ಎಷ್ಟೋ ವರ್ಷ ಮನೆಯಲ್ಲಿ ಏನು ಕಳೆದುಹೋದರೂ ಮೊದಲು ಅವರ ಜೇಬನ್ನೇ ತಡಕುತ್ತಿದ್ದೆವು.

ಮನೆಗೆ ಬಂದ ಅಪ್ಪ ಸ್ನಾನ ಮಾಡಿ, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಬೆರಳ ಸಂದಿನ ತುಕ್ಕು ಹೋಗಿರಲಿಲ್ಲ. ಆ ಕೈಯಲ್ಲೇ ಮೊಸರನ್ನ ಕಲಸಿದರು. ಊಟ ಮಾಡುತ್ತಾ ಮಾಡುತ್ತಾ, ಎಡಗಡೆ ರೆಕ್ಕೆಯ ಸ್ಕ್ರೂಗಳೆಲ್ಲ ಸಡಿಲವಾಗಿವೆ, ಪಾರಿವಾಳದ ಮರಿಗಳು ಹಾರಿಹೋದ ಮೇಲೆ ಗಾಳಿ ಹೋಗುವ ಬಾಯಿಗೆ ಜಾಲರಿ ಕಟ್ಟಬೇಕು, ಟೈರಿನ ಭಾರ ಇಳಿಸಲು ಮರದ ತುಂಡು ಕೊಡಬೇಕು ಎಂದು ಹೇಳುತ್ತಲೇ ಇದ್ದರು. ಅಮ್ಮ ಹೋದ ಮೇಲೆ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬಂತು, ಮಜ್ಜಿಗೆ ತರುವ ನೆಪದಲ್ಲಿ ಎದ್ದು ಒಳಗೆ ಹೋದೆ.

"ನಾಳೆ ಬಿಸಿಲೇರೋ ಮುಂಚೆ ಹೋಗ್ಬೇಕು. ಬೇಗ ಎಬ್ಬಿಸಮ್ಮ" ಎಂದು ಹಿಂದಿನಿಂದ ಕೂಗಿ ಹೇಳಿದರು.

ಬೆಳಿಗ್ಗೆ ಅವರಿಗಾಗಿಯೇ ಬೇಗ ಎದ್ದು ಕೋಣೆಯ ಬಾಗಿಲು ತಳ್ಳಿದೆ. ಅಪ್ಪ ಆಗಲೇ ಹಾಸಿಗೆ ಮಡಿಸಿಟ್ಟು, ಶೂ ಹಾಕಿಕೊಂಡು, ಲೇಸು ಕಟ್ಟಿ, ಬೆಳಕಾಗುವುದನ್ನು ಕಾಯುತ್ತಾ ಕೂತಿದ್ದರು.